ನಾಲ್ಕು ತಿಂಗಳ ಮುನ್ಸೂಚನೆ: ಒಂದು ತೋಟದ ಮನೆಯ ಕಂಪ್ಯೂಟರ್ ಕೆಟ್ಟ ಪ್ರಕರಣದ ಅಧ್ಯಯನ

2024ರ ಏಪ್ರಿಲ್ 27ರ ಸಂಜೆ ಶಿರಸಿ ಸೀಮೆಯ ಒಂದು ಅಡಿಕೆ ತೋಟದ ಮನೆಯಲ್ಲಿ ಕಂಪ್ಯೂಟರ್ ನಿಂತುಹೋಯಿತು. ಮಧ್ಯಾಹ್ನ ಗುಡುಗು ಸಿಡಿಲಿನೊಂದಿಗೆ ಒಂದು ಅಡ್ಡಮಳೆ ಬಂದು ಕರೆಂಟು ಹೋಗಿತ್ತು. ಅದು ಮರಳಿದ ಮೇಲೆ ಯಜಮಾನರು ಗುಂಡಿ ಒತ್ತಿದಾಗ, ಬೂಟ್ ಮಾಡಲು, ಅಂದರೆ ಯಂತ್ರ ಶುರುಮಾಡಲು, ಡಿಸ್ಕ್ ಸಿಗುತ್ತಿಲ್ಲವೆಂಬ ಒಂದು ಸಾಲು ಕಪ್ಪು ಪರದೆಯ ಮೇಲೆ ಮೂಡಿತು. ಡಬ್ಬದ ಒಳಗಿನಿಂದ ಕೆಲವು ಸೆಕೆಂಡಿಗೊಮ್ಮೆ ಟಕ್ ಎಂಬ ಸದ್ದು ಬರತೊಡಗಿತು. ಸಿಡಿಲಿನಿಂದ ಹೋಯಿತು ಎಂದು ಮನೆಯವರೆಲ್ಲ ತೀರ್ಮಾನಿಸಿದರು. ಮರುದಿನ ಅದನ್ನು ನೋಡಲು ಹೋದ ನಾನೂ ದಾರಿಯುದ್ದಕ್ಕೂ ಹಾಗೆಯೇ ಎಣಿಸಿದ್ದೆ.

ಈ ಭಾಗದ ಮನೆಗಳ ಕಂಪ್ಯೂಟರ್ ದುರಸ್ತಿಯನ್ನು ನಾನು ಬಹುಕಾಲದಿಂದ ಮಾಡುತ್ತಿದ್ದೇನೆ. ಇಂಥ ಪ್ರಕರಣಗಳಲ್ಲಿ ಹೆಚ್ಚಿನವು ಒಂದು ಬಿಡಿಭಾಗ ಬದಲಿಸುವುದರೊಂದಿಗೆ ಮುಗಿದುಹೋಗುತ್ತವೆ, ಏನಾಗಿತ್ತೆಂದು ಹಿಂದಕ್ಕೆ ಹೋಗಿ ಹುಡುಕಲು ಯಾರಿಗೂ ಪುರುಸೊತ್ತಿರುವುದಿಲ್ಲ. ಈ ಒಂದು ಪ್ರಕರಣದಲ್ಲಿ ಹುಡುಕಲು ಸಾಧ್ಯವಾಯಿತು, ಹುಡುಕಿದ್ದರಿಂದ ಮೊದಲ ತೀರ್ಮಾನ ತಪ್ಪೆಂದು ತಿಳಿಯಿತು. ಮನೆಯವರ ಒಪ್ಪಿಗೆ ಪಡೆದು, ಅವರ ಗುರುತು ಬಿಟ್ಟು ಇಲ್ಲಿ ಬರೆದಿದ್ದೇನೆ.

ಮನೆ ಮತ್ತು ಯಂತ್ರ

ಯಂತ್ರ 2014ರ ಮಧ್ಯದಲ್ಲಿ ಜೋಡಿಸಿಕೊಂಡದ್ದು. ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿ.ಬಿ. ಮೆಮೊರಿ, ನಿಮಿಷಕ್ಕೆ 7,200 ಸುತ್ತು ತಿರುಗುವ 1 ಟಿ.ಬಿ. ಹಾರ್ಡ್‌ಡಿಸ್ಕ್, ಜೊತೆಗೆ ಕರೆಂಟು ಹೋದಾಗ ಸ್ವಲ್ಪ ಹೊತ್ತು ಯಂತ್ರವನ್ನು ಬ್ಯಾಟರಿಯಿಂದ ನಡೆಸುವ ಒಂದು 600 ವಿಎ ಯುಪಿಎಸ್. ಬಂದಾಗ ವಿಂಡೋಸ್ 8.1 ಇತ್ತು, ಮುಂದೆ ಅದು ವಿಂಡೋಸ್ 10 ಆಯಿತು. ಜಗುಲಿಯ ಮೂಲೆಯಲ್ಲಿ, ಕಿಟಕಿಯ ಕೆಳಗೆ, ನೆಲದ ಮೇಲೆಯೇ ಅದನ್ನು ಇಟ್ಟಿದ್ದರು. ಅದೇ ಜಗುಲಿಯಲ್ಲಿ ಪ್ರತಿ ವರ್ಷ ಅಡಿಕೆಯ ಗೊನೆ ಕೊಯ್ದ ನಂತರ ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿಯುತ್ತಾರೆ, ಅಡಿಕೆ ಬೇಯಿಸುವ ಹಂಡೆಯ ಒಲೆ ಅಂಗಳದಲ್ಲಿ ಹದಿನೈದು ಹೆಜ್ಜೆ ದೂರದಲ್ಲಿದೆ. ಯಂತ್ರ ಒಳಗೆಳೆದುಕೊಳ್ಳುವ ಗಾಳಿಯಲ್ಲಿ ಚಳಿಗಾಲದಲ್ಲಿ ಹೊಗೆ ಮತ್ತು ಸಿಪ್ಪೆಯ ನಾರು, ಮಳೆಗಾಲದ ನಾಲ್ಕು ತಿಂಗಳು ತೇವ, ಬೇಸಿಗೆಯಲ್ಲಿ ರಸ್ತೆಯ ಕೆಂಪು ಧೂಳು. ಈ ಮೂರು ಕಾಲಗಳನ್ನು ಅದು ಹತ್ತು ವರ್ಷ ಉಂಡಿತ್ತು.

ಒಳಗಿದ್ದ ದಾಖಲೆಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಿರ್ವಹಣೆಯ ಬೆಲೆಯನ್ನು ಯಂತ್ರದ ಬೆಲೆಯಿಂದ ಅಳೆಯುವುದು ತಪ್ಪೆಂದು ನನಗೆ ಮನವರಿಕೆಯಾದದ್ದು ಇಲ್ಲಿಯೇ. ತೋಟದ ಒಂಬತ್ತು ವರ್ಷದ ಆಯವ್ಯಯ ಎಕ್ಸೆಲ್‌ನಲ್ಲಿತ್ತು. 2006ರಿಂದೀಚೆಗಿನ ಕುಟುಂಬದ ಫೋಟೊಗಳಿದ್ದವು. ಯಜಮಾನರು ಊರಿನ ಹವ್ಯಾಸಿ ಯಕ್ಷಗಾನ ತಂಡಕ್ಕಾಗಿ, ಕೈಬರಹದ ಹಳೆಯ ಪ್ರತಿಗಳನ್ನು ನೋಡಿಕೊಂಡು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ್ದ ಪ್ರಸಂಗದ ಪದ್ಯಗಳು 340 ಕಡತಗಳಲ್ಲಿ ಇದ್ದವು. ಇವೆಲ್ಲಕ್ಕಿಂತ ಹೆಚ್ಚಾಗಿ, ಯಜಮಾನರ ತಾಯಿ ಮದುವೆ, ಉಪನಯನ, ಸೀಮಂತಗಳಲ್ಲಿ ಹೇಳುತ್ತಿದ್ದ ಸಂಪ್ರದಾಯದ ಹಾಡುಗಳನ್ನು 2011ರಲ್ಲಿ ಮಗಳು ಒಂದು ಹಳೆಯ ಮೊಬೈಲಿನಲ್ಲಿ ಧ್ವನಿಮುದ್ರಿಸಿದ್ದಳು. ಅವು 43 ಹಾಡು. ಆ ಮೊಬೈಲು ಎಂದೋ ಹೋಗಿತ್ತು, ತಾಯಿ 2021ರಲ್ಲಿ ತೀರಿಕೊಂಡಿದ್ದರು. ಆ ಹಾಡುಗಳ ಬೇರೊಂದು ನಕಲು ಎಲ್ಲಿಯೂ ಇರಲಿಲ್ಲ.

ಕೆಡುವುದಕ್ಕೆ ಮೊದಲು

ಯಂತ್ರ ನಿಧಾನವಾಗಿದೆ ಎಂಬ ದೂರು 2023ರ ಮಳೆಗಾಲದಿಂದಲೇ ಇತ್ತು. ಆನ್ ಮಾಡಿ ಚಹಾ ಕುಡಿದು ಬಂದರೂ ಡೆಸ್ಕ್‌ಟಾಪ್ ಪೂರ್ತಿ ಬಂದಿರುತ್ತಿರಲಿಲ್ಲ. ವಿಡಿಯೊ ಕರೆ ಮಾಡಿದರೆ ಹತ್ತು ನಿಮಿಷದಲ್ಲಿ ಫ್ಯಾನು ಜೋರಾಗಿ ಕೂಗಿ ಚಿತ್ರ ತಡವರಿಸುತ್ತಿತ್ತು. ಇದರ ಜೊತೆಗೆ, ಕೆಲವು ದಿನ ಬೆಳಿಗ್ಗೆ ಬ್ಯಾಂಕಿನ ಜಾಲತಾಣವೇ ತೆರೆಯುತ್ತಿರಲಿಲ್ಲ, ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬರುತ್ತಿತ್ತು. ಡಿಸೆಂಬರಿನಲ್ಲಿ ಯಂತ್ರವನ್ನು ಪೇಟೆಯ ಒಂದು ಅಂಗಡಿಗೆ ಒಯ್ದರು. ಅಲ್ಲಿ ವೈರಸ್ ಎಂದು ಹೇಳಿ, ಸಿ ಡ್ರೈವನ್ನು ಫಾರ್ಮ್ಯಾಟ್ ಮಾಡಿ, ವಿಂಡೋಸ್ ಹೊಸದಾಗಿ ಹಾಕಿ, 800 ರೂಪಾಯಿ ಪಡೆದು ಕಳುಹಿಸಿದರು. ಅಪ್‌ಡೇಟ್‌ಗಳಿಂದ ಯಂತ್ರ ನಿಧಾನವಾಗುತ್ತದೆ ಎಂದು ಅವನ್ನು ನಿಲ್ಲಿಸಿಯೂ ಇದ್ದರು. ಆ ಅಂಗಡಿಯವರನ್ನು ದೂಷಿಸಲು ಇದನ್ನು ಬರೆಯುತ್ತಿಲ್ಲ. ಸಾಲಾಗಿ ನಿಂತ ಗಿರಾಕಿಗಳ ನಡುವೆ ಫಾರ್ಮ್ಯಾಟ್ ಮಾಡುವುದು ಎಲ್ಲ ಅಂಗಡಿಗಳ ರೂಢಿ, ಎಷ್ಟೋ ವರ್ಷ ನಾನೂ ಅದನ್ನೇ ಮಾಡಿದ್ದೇನೆ.

ಯಂತ್ರ ಎರಡು ವಾರ ಚುರುಕಾಗಿ ಓಡಿತು, ಆಮೇಲೆ ಮೊದಲಿನಂತಾಯಿತು. ಹೊಸದಾಗಿ ವಿಂಡೋಸ್ ಹಾಕುವಾಗ ನುಡಿ ಮತ್ತು ಅದರ ಫಾಂಟುಗಳನ್ನು ಮರಳಿ ಹಾಕಿರಲಿಲ್ಲವಾದ್ದರಿಂದ ಯಕ್ಷಗಾನದ ಕಡತಗಳನ್ನು ತೆರೆದರೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಕಾಣುತ್ತಿತ್ತು. ಪ್ರತಿ ಅಕ್ಷರಕ್ಕೂ ಎಲ್ಲ ಯಂತ್ರಗಳಲ್ಲಿ ಒಂದೇ ಸಂಕೇತವಿರುವ ಯುನಿಕೋಡ್ ಅಲ್ಲದ ಹಳೆಯ ಕನ್ನಡ ಕಡತಗಳ ಸ್ವಭಾವವೇ ಅದು: ಅಕ್ಷರ ಕಾಣುವುದು ಫಾಂಟಿನ ಬಲದಿಂದ ಮಾತ್ರ. ಯಜಮಾನರಿಗೆ ಇದು ತಿಳಿದಿರಲಿಲ್ಲ. ವೈರಸ್ ತಿಂದುಹಾಕಿತು ಎಂದು ನಂಬಿ ನಾಲ್ಕು ತಿಂಗಳು ಆ ಫೋಲ್ಡರನ್ನು ಅವರು ಮುಟ್ಟಲೇ ಇಲ್ಲ.

ಡಬ್ಬ ತೆರೆದಾಗ ಕಂಡದ್ದು

ಪಕ್ಕದ ಹಾಳೆ ಬಿಚ್ಚಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಪ್ರೊಸೆಸರ್ ಮೇಲಿನ ಶಾಖಹಾರಿ. ಅದರ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಗಾಳಿ ಹೋಗಲು ಸಂದೇ ಉಳಿದಿರಲಿಲ್ಲ. ಅಡಿಕೆ ಸಿಪ್ಪೆಯ ಸಣ್ಣ ನಾರು, ಒಲೆಯ ಮಸಿ, ಮಳೆಗಾಲದ ತೇವ ಮೂರೂ ಸೇರಿ ಕಂಬಳಿಯ ಚೂರಿನಂತೆ ಗಟ್ಟಿಯಾದ ಒಂದು ಪದರ ಅಲ್ಲಿ ಕೂತಿತ್ತು. ಚಿಮುಟದಿಂದ ಹಿಡಿದೆಳೆದರೆ ಅದು ಚಕ್ಕೆಯಾಗಿ ಒಟ್ಟಿಗೇ ಎದ್ದುಬಂತು. ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ದಾಟುತ್ತಿರಲಿಲ್ಲ. ಹಿಂಬದಿಯ ಕಾರ್ಡ್ ಕಿಂಡಿಯೊಂದರ ತಗಡು ಮುಚ್ಚಳ ಇಲ್ಲದ್ದರಿಂದ ಅಲ್ಲಿಂದ ಹಲ್ಲಿ ಒಳಗೆ ಹೊಕ್ಕು, ಮದರ್‌ಬೋರ್ಡಿನ ಕೆಳ ಅಂಚಿನಲ್ಲಿ ಎರಡು ಮೊಟ್ಟೆಯ ಚಿಪ್ಪು ಬಿಟ್ಟುಹೋಗಿತ್ತು. ಡಬ್ಬದ ಹೊರಮೈ ಮಾತ್ರ ಸ್ವಚ್ಛವಾಗಿತ್ತು, ಮುಂದಿನ ಫಲಕದ ಮೇಲೆ ಆಯುಧಪೂಜೆಯ ಅರಿಶಿನ ಕುಂಕುಮದ ಗುರುತು ಇನ್ನೂ ಇತ್ತು.

ಪೆನ್‌ಡ್ರೈವಿನಿಂದ ವಿಂಡೋಸ್ ಬದಲಿಗೆ ಬಳಸಬಹುದಾದ ಲಿನಕ್ಸ್ ನಡೆಸಿ ಉಷ್ಣತೆ ನೋಡಿದೆ. ಪ್ರೊಸೆಸರಿಗೆ ಎಂಟು ನಿಮಿಷ ಕೆಲಸ ಕೊಟ್ಟಾಗ 96 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ನೂರು ಡಿಗ್ರಿಯ ಆಸುಪಾಸಿಗೆ ಬಂದಾಗ ಇಂಥ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ, ಇನ್ನೂ ಏರಿದರೆ ಯಂತ್ರವನ್ನೇ ನಿಲ್ಲಿಸುತ್ತದೆ. ವಿಡಿಯೊ ಕರೆಯಲ್ಲಿ ಹತ್ತು ನಿಮಿಷಕ್ಕೆ ಚಿತ್ರ ತಡವರಿಸುತ್ತಿದ್ದುದರ ಕಾರಣ ಇದು. ಬ್ರಶ್ಶಿನಿಂದ ರೆಕ್ಕೆಗಳನ್ನು ಬಿಡಿಸಿ, ಪ್ರೊಸೆಸರಿನ ಬಿಸಿಯನ್ನು ಶಾಖಹಾರಿಗೆ ದಾಟಿಸುವ, ಒಣಗಿ ಸುಣ್ಣದಂತಾಗಿದ್ದ ಥರ್ಮಲ್ ಪೇಸ್ಟನ್ನು ಒರೆಸಿ ಹೊಸದನ್ನು ಹಚ್ಚಿದ ಮೇಲೆ ಅದೇ ಕೆಲಸಕ್ಕೆ ಉಷ್ಣತೆ 61 ಡಿಗ್ರಿ ದಾಟಲಿಲ್ಲ. ನಲವತ್ತು ನಿಮಿಷದ ಕೆಲಸ.

ಬ್ಯಾಂಕಿನ ಜಾಲತಾಣದ ತೊಂದರೆಯ ಮೂಲ ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿಯಲ್ಲಿತ್ತು. ಸಿಆರ್2032 ಎಂಬ ಈ ಬ್ಯಾಟರಿ ಹೊಸದಿದ್ದಾಗ 3 ವೋಲ್ಟ್ ಕೊಡುತ್ತದೆ, ಇದರಲ್ಲಿ 2.1 ಉಳಿದಿತ್ತು. ಯಂತ್ರ ಬಂದ್ ಇರುವಾಗ ಗಡಿಯಾರವನ್ನು ನಡೆಸುವುದು ಇದರ ಕೆಲಸ. ಇದು ಸೋತಾಗ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ಜಾಲತಾಣಗಳ ಸುರಕ್ಷತಾ ಪ್ರಮಾಣಪತ್ರಗಳಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುವುದರಿಂದ, ಹಳೆಯ ದಿನಾಂಕದಲ್ಲಿ ನಿಂತ ಬ್ರೌಸರ್ ಅವನ್ನು ಒಪ್ಪುವುದಿಲ್ಲ. ಇಲ್ಲಿ ಮಲೆನಾಡಿನ ಮನೆಗಳಿಗೆ ವಿಶೇಷವಾದ ಒಂದು ಸಂಗತಿಯಿದೆ. ಪ್ಲಗ್ ಹಾಕಿಟ್ಟ ಯಂತ್ರದಲ್ಲಿ ಗಡಿಯಾರಕ್ಕೆ ವಿದ್ಯುತ್ತು ಪವರ್ ಸಪ್ಲೈಯಿಂದಲೇ ಸಿಗುತ್ತದೆ, ಬ್ಯಾಟರಿ ಸವೆಯುವುದು ಕಡಿಮೆ. ನಾವು ಸಿಡಿಲಿಗೆ ಹೆದರಿ ರಾತ್ರಿಯೆಲ್ಲ, ಊರಿಗೆ ಹೋದಾಗ ವಾರವೆಲ್ಲ ಪ್ಲಗ್ ಕಿತ್ತಿಡುತ್ತೇವೆ. ಕಿತ್ತಿಡಲೇಬೇಕು. ಆದರೆ ಅಷ್ಟೂ ಹೊತ್ತು ಆ ಸಣ್ಣ ಬ್ಯಾಟರಿಯೇ ಗಡಿಯಾರವನ್ನು ಹೊರುತ್ತದೆ ಎಂಬುದನ್ನು ನೆನಪಿಟ್ಟುಕೊಂಡು, ಇಲ್ಲಿ ಮೂರು ವರ್ಷಕ್ಕೊಮ್ಮೆ ಅದನ್ನು ಬದಲಿಸುವುದು ಒಳ್ಳೆಯದು. ಅದಕ್ಕೆ ಕೊಟ್ಟದ್ದು 40 ರೂಪಾಯಿ.

ಯುಪಿಎಸ್‌ನ 12 ವೋಲ್ಟಿನ ಬ್ಯಾಟರಿ ಉಬ್ಬಿ, ತೆಗೆಯಲು ಬಾರದಂತೆ ಗೂಡಿನಲ್ಲಿ ಸಿಕ್ಕಿಕೊಂಡಿತ್ತು. ಇಂಥ ಮುಚ್ಚಿದ ಸೀಸದ ಬ್ಯಾಟರಿಗಳು ಸಾಮಾನ್ಯವಾಗಿ ಎರಡು ಮೂರು ವರ್ಷ ಬಾಳುತ್ತವೆ, ಇದು ಆರನೇ ವರ್ಷದಲ್ಲಿತ್ತು. ಹಸಿರು ದೀಪ ಉರಿಯುತ್ತಿದ್ದುದರಿಂದ ಯುಪಿಎಸ್ ಕೆಲಸ ಮಾಡುತ್ತಿದೆ ಎಂದೇ ಮನೆಯವರು ತಿಳಿದಿದ್ದರು.

ಡಿಸ್ಕ್ ತಾನೇ ಬರೆದಿಟ್ಟ ದಿನಚರಿ

ಇನ್ನು ಮುಖ್ಯ ವಿಷಯ. ಡಿಸ್ಕನ್ನು ಹೊರತೆಗೆದು ನನ್ನ ಲಿನಕ್ಸ್ ಯಂತ್ರಕ್ಕೆ ಸಿಕ್ಕಿಸಿ ಅದರ ಸ್ಮಾರ್ಟ್ ದಾಖಲೆಯನ್ನು ಓದಿದೆ. ಪ್ರತಿ ಹಾರ್ಡ್‌ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತನ್ನೊಳಗೇ ಬರೆದಿಡುತ್ತದೆ. ಓದಲಾಗದ ಒಂದು ಜಾಗ ಸಿಕ್ಕಿದರೆ ಮೊದಲು ಅದನ್ನು ಬಾಕಿ ಪಟ್ಟಿಗೆ ಸೇರಿಸುತ್ತದೆ, ಮುಂದೆ ಅಲ್ಲಿ ಏನಾದರೂ ಬರೆಯಬೇಕಾದಾಗ ಜಾಗ ನಿಜಕ್ಕೂ ಕೆಟ್ಟಿದ್ದರೆ ಅದನ್ನು ಕೈಬಿಟ್ಟು, ಮೀಸಲಿಟ್ಟ ಜಾಗಗಳಲ್ಲಿ ಒಂದನ್ನು ಬಳಸುತ್ತದೆ. ಈ ಡಿಸ್ಕಿನಲ್ಲಿ ಹೀಗೆ ಬದಲಿಸಿದ ಜಾಗಗಳು 1,184, ಬಾಕಿ ಉಳಿದವು 312 ಇದ್ದವು. ಓಡಿದ ಗಂಟೆಗಳು 19,400. ಸಿಡಿಲಿನ ಒಂದು ಹೊಡೆತಕ್ಕೆ ಸತ್ತ ಡಿಸ್ಕಿನಲ್ಲಿ ಹೀಗೆ ಸಾವಿರ ದಾಟಿದ ಲೆಕ್ಕ ಇರುವುದಿಲ್ಲ. ಇದು ಮೆಲ್ಲಮೆಲ್ಲನೆ ಸವೆದ ಡಿಸ್ಕ್. ಬದಲಿಗೆ ಹೋದ ಅಷ್ಟೊಂದು ಜಾಗಗಳು ಕೆಟ್ಟದ್ದು ಆ ಮಧ್ಯಾಹ್ನವಲ್ಲ.

ಯಾವಾಗಿನಿಂದ ಎಂಬ ಪ್ರಶ್ನೆಗೆ ಉತ್ತರ, ನಕಲು ತೆಗೆದ ಮೇಲೆ ವಿಂಡೋಸ್‌ನ ಈವೆಂಟ್ ದಾಖಲೆಯಲ್ಲಿ, ಅಂದರೆ ಯಂತ್ರದಲ್ಲಿ ಆದದ್ದನ್ನು ಅದು ತಾನೇ ಬರೆದಿಡುವ ಪಟ್ಟಿಯಲ್ಲಿ, ಸಿಕ್ಕಿತು. ಡಿಸೆಂಬರಿನಲ್ಲಿ ವಿಂಡೋಸ್ ಹೊಸದಾಗಿ ಹಾಕಿದ್ದರಿಂದ ಅಲ್ಲಿಂದೀಚೆಗಿನ ಕಡತ ಮಾತ್ರ ಇತ್ತು, ಆದರೆ ಅಷ್ಟು ಸಾಕಾಗಿತ್ತು. ಡಿಸ್ಕಿನಲ್ಲಿ ಕೆಟ್ಟ ಜಾಗ ಸಿಕ್ಕಿದೆ ಎಂದು ಸಾರುವ 7ನೇ ಸಂಖ್ಯೆಯ ದಾಖಲೆ ಮೊದಲು ಕಾಣಿಸಿಕೊಂಡದ್ದು 2023ರ ಡಿಸೆಂಬರ್ 29ರಂದು, ಅಂಗಡಿಯಿಂದ ಬಂದ ಎರಡೇ ವಾರಕ್ಕೆ. ಜನವರಿಯಲ್ಲಿ ಅಂಥವು ಆರು. ಫೆಬ್ರವರಿಯಲ್ಲಿ 31. ಮಾರ್ಚಿನಲ್ಲಿ 140. ಏಪ್ರಿಲಿನಲ್ಲಿ ಎರಡು ಸಾವಿರವನ್ನು ದಾಟಿತ್ತು. ಸರಿಯಾಗಿ ಮುಚ್ಚದೆ ಯಂತ್ರ ನಿಂತುಹೋಗಿ ಮತ್ತೆ ಶುರುವಾಯಿತು ಎನ್ನುವ 41ನೇ ಸಂಖ್ಯೆಯ ದಾಖಲೆ ಅದೇ ಅವಧಿಯಲ್ಲಿ 57 ಸಲ ಬಂದಿತ್ತು. ಯುಪಿಎಸ್‌ನ ಸತ್ತ ಬ್ಯಾಟರಿಯ ಸಾಕ್ಷಿ ಅದು.

ಆ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತಾ ಹೋದಾಗ ನನಗೆ ನಿಜಕ್ಕೂ ಸಂಕಟವಾಯಿತು. ನಾಲ್ಕು ತಿಂಗಳು ಡಿಸ್ಕು ದಿನಾಂಕ ಗಂಟೆ ಸಹಿತ ತನ್ನ ಕಾಯಿಲೆಯನ್ನು ಬರೆಯುತ್ತಲೇ ಇತ್ತು. ತಿಂಗಳಿಗೊಮ್ಮೆ ಐದು ನಿಮಿಷ ಅದನ್ನು ನೋಡುವ ಅಭ್ಯಾಸ ಆ ಮನೆಯಲ್ಲಿ ಇದ್ದಿದ್ದರೆ, ಜನವರಿಯ ಮೊದಲ ಭಾನುವಾರವೇ ಎಲ್ಲವೂ ಇನ್ನೊಂದು ಡಿಸ್ಕಿಗೆ ಹೋಗಿರುತ್ತಿತ್ತು, ಬಹುಶಃ ಒಂದು ಕಡತವೂ ಕಳೆದುಹೋಗದೆ. ಉಚಿತವಾಗಿ ಸಿಗುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ತಂತ್ರಾಂಶ ಡಿಸ್ಕಿನ ಲೆಕ್ಕವನ್ನೆಲ್ಲ ಓದಿ ನೀಲಿ, ಹಳದಿ ಅಥವಾ ಕೆಂಪು ಗುರುತಿನಲ್ಲಿ ತೋರಿಸುತ್ತದೆ. ಹಳದಿ ಬಂದರೆ ಎಚ್ಚರ ಎಂದು ತಿಳಿಯಲು ಕಂಪ್ಯೂಟರ್ ಕಲಿತಿರಬೇಕಾಗಿಲ್ಲ.

ಉಳಿದದ್ದು, ಕಳೆದದ್ದು

ಕೆಡುತ್ತಿರುವ ಡಿಸ್ಕಿನ ಮೇಲೆ ಮೊದಲು ರಿಪೇರಿ ತಂತ್ರಾಂಶ ಓಡಿಸುವುದು ದೊಡ್ಡ ತಪ್ಪು. ವಿಂಡೋಸ್‌ನ ಚೆಕ್‌ಡಿಸ್ಕ್ ಕಡತ ವ್ಯವಸ್ಥೆಯನ್ನು ಸರಿಪಡಿಸುವ ಭರದಲ್ಲಿ ಸಾಯುತ್ತಿರುವ ಡಿಸ್ಕನ್ನು ಗಂಟೆಗಟ್ಟಲೆ ಕೆದಕುತ್ತದೆ, ಅರ್ಧಂಬರ್ಧ ಕಡತಗಳನ್ನು ಕತ್ತರಿಸಿಯೂ ಹಾಕುತ್ತದೆ. ಮೊದಲು ನಕಲು, ಆಮೇಲೆ ಉಳಿದದ್ದು. ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳುಹಿಸಿದರೆ ಹತ್ತಾರು ಸಾವಿರ ರೂಪಾಯಿ ತಗಲಬಹುದೆಂದೂ, ನಾನು ಪ್ರಯತ್ನಿಸಿದರೆ ಡಿಸ್ಕು ನಡುವೆಯೇ ಪೂರ್ತಿ ನಿಲ್ಲುವ ಅಪಾಯವಿದೆಯೆಂದೂ ಮನೆಯವರಿಗೆ ಹೇಳಿದೆ. ಡಿಸ್ಕು ತಿರುಗುತ್ತಿತ್ತು, ಟಕ್ ಸದ್ದು ಕೆಲವು ಜಾಗಗಳನ್ನು ಓದುವಾಗ ಮಾತ್ರ ಬರುತ್ತಿತ್ತು. ಅವರು ಪ್ರಯತ್ನಿಸಿ ಎಂದರು.

ಗ್ನೂ ಡಿಡಿರೆಸ್ಕ್ಯೂ ಎಂಬ ಮುಕ್ತ ತಂತ್ರಾಂಶದ ಜಾಣತನ ಅದು ಕೆಲಸ ಮಾಡುವ ಕ್ರಮದಲ್ಲಿದೆ. ಕೆಟ್ಟ ಜಾಗ ಎದುರಾದಾಗ ಅಲ್ಲಿಯೇ ಹಟ ಹಿಡಿದು ನಿಲ್ಲದೆ, ಜಿಗಿದು ಮುಂದೆ ಹೋಗಿ ಚೆನ್ನಾಗಿರುವುದನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ. ಬಿಟ್ಟುಹೋದ ಜಾಗಗಳ ನಕ್ಷೆಯನ್ನು ಪಕ್ಕದಲ್ಲಿ ಬರೆದಿಟ್ಟುಕೊಂಡು, ಕೊನೆಗೆ ಒಂದೊಂದಾಗಿ ಅವುಗಳ ಬಳಿಗೆ ಮರಳುತ್ತದೆ. ನಡುವೆ ಕರೆಂಟು ಹೋದರೂ ನಕ್ಷೆಯಿಂದಾಗಿ ನಿಂತಲ್ಲಿಂದ ಮುಂದುವರಿಸಬಹುದು. ಮೊದಲ ಸುತ್ತಿಗೆ ಹದಿನಾಲ್ಕು ಗಂಟೆ ಹಿಡಿಯಿತು, ಉಳಿದ ಸುತ್ತುಗಳಿಗೆ ಮೂರು ದಿನ. ಕೊನೆಗೂ ಓದಲಾಗದೆ ಉಳಿದದ್ದು ಸುಮಾರು 5.7 ಎಂ.ಬಿ. ಬಾಕಿ ಸಂಖ್ಯೆ ಅಷ್ಟರಲ್ಲಿ 312ರಿಂದ ಹನ್ನೊಂದು ಸಾವಿರಕ್ಕೆ ಏರಿತ್ತು, ಡಿಸ್ಕು ಇನ್ನೊಂದು ವಾರ ಬದುಕುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ಒಂದು ಟಿ.ಬಿ.ಯಲ್ಲಿ 5.7 ಎಂ.ಬಿ. ಏನೂ ಅಲ್ಲವೆಂದು ತೋರಬಹುದು. ನಷ್ಟ ಎಷ್ಟು ದೊಡ್ಡದೆಂಬುದು ಅದು ಎಲ್ಲಿ ಬಿತ್ತು ಎಂಬುದರ ಮೇಲಿದೆ. 2019-20ನೇ ಸಾಲಿನ ಲೆಕ್ಕದ ಎಕ್ಸೆಲ್ ಕಡತ ತೆರೆಯಲೇ ಇಲ್ಲ. ಈ ಬಗೆಯ ಕಡತ ಒಳಗೆ ಜಿಪ್ ಮಾಡಿದ ಗಂಟಾಗಿರುವುದರಿಂದ ನಡುವಿನ ಒಂದು ತುಂಡು ಹೋದರೂ ಇಡೀ ಗಂಟು ಬಿಚ್ಚಿಕೊಳ್ಳದೆ ಹೋಗಬಹುದು. ಹದಿನೇಳು ಫೋಟೊಗಳು ಮೇಲರ್ಧ ಚೆನ್ನಾಗಿದ್ದು ಕೆಳಗರ್ಧ ಬೂದುಬಣ್ಣವಾಗಿ ಬಂದವು. ಯಕ್ಷಗಾನದ 340 ಕಡತಗಳೂ ಸುರಕ್ಷಿತವಾಗಿದ್ದವು. ನುಡಿ ಹಾಕಿ ಮೊದಲನೆಯದನ್ನು ತೆರೆದು, ಕನ್ನಡ ಅಕ್ಷರಗಳು ಸಾಲಾಗಿ ಕಂಡಾಗ, ಹೋಯಿತೆಂದು ನಾಲ್ಕು ತಿಂಗಳ ಹಿಂದೆಯೇ ಕೈತೊಳೆದುಕೊಂಡಿದ್ದ ಯಜಮಾನರು ಪರದೆಯ ಹತ್ತಿರ ಬಾಗಿ ಮೊದಲ ಪದ್ಯವನ್ನು ಗಟ್ಟಿಯಾಗಿ ಓದಿದರು.

ಹಾಡುಗಳಲ್ಲಿ 38 ಪೂರ್ತಿಯಾಗಿ ಸಿಕ್ಕಿದವು. ಮೂರರಲ್ಲಿ ನಡುವೆ ಕೆಲವು ಸೆಕೆಂಡು ಮೌನ, ಆಮೇಲೆ ಧ್ವನಿ ಮುಂದುವರಿಯುತ್ತದೆ. ಎರಡು ಹಾಡುಗಳು ಸಿಗಲಿಲ್ಲ. ಹಳೆಯ ಮೊಬೈಲಿನ ಎಎಂಆರ್ ಎಂಬ ಬಗೆಯ ಧ್ವನಿ ಕಡತಗಳು ಬಹಳ ಸಣ್ಣವು, ಹತ್ತು ನಿಮಿಷದ ಹಾಡು ಒಂದು ಎಂ.ಬಿ.ಯನ್ನೂ ಮುಟ್ಟುವುದಿಲ್ಲ. ಆ ಎರಡು ಕಡತಗಳ ಜಾಗವಿಡೀ ಕೆಟ್ಟ ಪಟ್ಟೆಯೊಳಗೆ ಬಿದ್ದಿತ್ತು. ಒಂದು ಹಸೆಗೆ ಕರೆಯುವ ಹಾಡು, ಅದನ್ನು ಪಕ್ಕದ ಊರಿನ ಸಂಬಂಧಿಕರೊಬ್ಬರು ಬಲ್ಲರೆಂದು ತಿಳಿದು ಮಗಳು ಅವರಿಂದ ಹೇಳಿಸಿಕೊಂಡಳು. ಇನ್ನೊಂದರ ಹೆಸರು ಮಾತ್ರ ಪಟ್ಟಿಯಲ್ಲಿದೆ. ಅದನ್ನು ಪೂರ್ತಿಯಾಗಿ ಬಲ್ಲವರು ಈವರೆಗೆ ಸಿಕ್ಕಿಲ್ಲ.

ತಪ್ಪಿಸಬಹುದಾಗಿತ್ತೇ

ಈ ಪ್ರಶ್ನೆಗೆ ಉತ್ತರಿಸುವಾಗ ನಾನು ಎಚ್ಚರದಿಂದಿರಬೇಕು, ಏಕೆಂದರೆ ನಿರ್ವಹಣೆಯ ಬಗ್ಗೆ ಮಾತನಾಡುವವರು ಅದು ಮಾಡಲಾಗದ್ದನ್ನೂ ಅದರ ಹೆಸರಿಗೆ ಬರೆಯುವುದುಂಟು. ಧೂಳು ತೆಗೆದಿದ್ದರೆ ಡಿಸ್ಕು ಉಳಿಯುತ್ತಿತ್ತೆಂದು ನಾನು ಹೇಳಲಾರೆ. ಗೂಗಲ್‌ನ ಮೂವರು ಎಂಜಿನಿಯರುಗಳು ಒಂದು ಲಕ್ಷಕ್ಕೂ ಹೆಚ್ಚು ಹಾರ್ಡ್‌ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉಷ್ಣತೆಗೂ ಡಿಸ್ಕ್ ಕೆಡುವುದಕ್ಕೂ ಜನ ನಂಬಿದ್ದಷ್ಟು ಗಟ್ಟಿ ಸಂಬಂಧ ಕಂಡುಬರಲಿಲ್ಲ. ತಿರುಗುವ ಡಿಸ್ಕು ಹತ್ತನೇ ವರ್ಷದಲ್ಲಿ ಕೆಡುವುದು ಅದರ ಆಯುಷ್ಯದ ಸಹಜ ಕೊನೆ. ಯಾವ ನಿರ್ವಹಣೆಯೂ ಅದನ್ನು ನಿಲ್ಲಿಸುವುದಿಲ್ಲ.

ಅದೇ ಅಧ್ಯಯನದ ಇನ್ನೆರಡು ಅಂಶಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಮೇಲ್ಮೈ ಪರಿಶೀಲನೆಯಲ್ಲಿ ಮೊದಲ ದೋಷ ಕಂಡ ಡಿಸ್ಕು, ಅಂಥ ದೋಷ ಕಾಣದ ಡಿಸ್ಕಿಗಿಂತ ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ 39 ಪಟ್ಟು ಹೆಚ್ಚಿತ್ತು. ಹಾಗೆಯೇ, ಕೆಟ್ಟ ಡಿಸ್ಕುಗಳಲ್ಲಿ ಶೇಕಡ 36ಕ್ಕೂ ಹೆಚ್ಚಿನವು ಯಾವ ಸೂಚನೆಯನ್ನೂ ಕೊಡದೆ ಕೆಟ್ಟಿದ್ದವು. ಸೂಚನೆ ಬಂದಾಗ ಅದನ್ನು ತಕ್ಷಣ ನಂಬಬೇಕು, ಸೂಚನೆ ಬಂದಿಲ್ಲವೆಂದು ನೆಮ್ಮದಿಯಿಂದ ಇರಬಾರದು. ನೋಡುವ ಅಭ್ಯಾಸವೂ ಬೇಕು, ನಕಲೂ ಬೇಕು. ನಮ್ಮ ಪ್ರಕರಣದ ಡಿಸ್ಕು ಸೂಚನೆ ಕೊಟ್ಟ ಹೆಚ್ಚಿನ ಪಾಲಿಗೆ ಸೇರಿದ್ದು, ಅಷ್ಟರಮಟ್ಟಿಗೆ ಅದು ದಯೆ ತೋರಿಸಿತ್ತು.

ಇನ್ನೊಂದು ಸಂಗತಿ ನನಗೆ ಈ ಪ್ರಕರಣದಿಂದಲೇ ಸ್ಪಷ್ಟವಾಯಿತು. ಸಣ್ಣ ತೊಂದರೆಗಳನ್ನು ಹಾಗೆಯೇ ಬಿಟ್ಟಾಗ ಅವು ದೊಡ್ಡದನ್ನು ಮರೆಮಾಡುತ್ತವೆ. ಯಂತ್ರ ನಿಧಾನವಾಗಲು ಇಲ್ಲಿ ಎರಡು ಬೇರೆಬೇರೆ ಕಾರಣಗಳಿದ್ದವು: ಬಿಸಿಯಿಂದ ಕುಗ್ಗಿದ ಪ್ರೊಸೆಸರು, ಮತ್ತು ಕೆಟ್ಟ ಜಾಗವನ್ನು ಮತ್ತೆ ಮತ್ತೆ ಓದಲು ಒದ್ದಾಡುವ ಡಿಸ್ಕು. ಧೂಳು ಇಲ್ಲದಿದ್ದರೆ ನಿಧಾನಕ್ಕೆ ಡಿಸ್ಕೊಂದೇ ಕಾರಣವಾಗಿ ಉಳಿದು ಬೇಗ ಕಣ್ಣಿಗೆ ಬೀಳುತ್ತಿತ್ತು. ಗಡಿಯಾರದ ಬ್ಯಾಟರಿ ಸರಿಯಿದ್ದಿದ್ದರೆ ಬ್ಯಾಂಕಿನ ಎಚ್ಚರಿಕೆ ಬರುತ್ತಿರಲಿಲ್ಲ, ಆ ಎಚ್ಚರಿಕೆ ಇಲ್ಲದಿದ್ದರೆ ವೈರಸ್ ಎಂಬ ಮಾತು ಅಷ್ಟು ಸುಲಭವಾಗಿ ಹುಟ್ಟುತ್ತಿರಲಿಲ್ಲ. ನಾಲ್ಕು ಕಾಯಿಲೆಗಳು ಒಂದಾಗಿ ಕಂಡು, ನಾಲ್ಕಕ್ಕೂ ಸಂಬಂಧವಿಲ್ಲದ ಒಂದು ಮದ್ದು ಬಿತ್ತು.

ಇದನ್ನೆಲ್ಲ ವಿವರಿಸಿದಾಗ ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೊಳೆ ಬಿದ್ದ ಮೇಲೆ ಮದ್ದು ಹೊಡೆದ ಹಾಗಾಯಿತು" ಎಂದರು. ಅಡಿಕೆಯ ಕೊಳೆರೋಗ ತಿಳಿದವರಿಗೆ ಆ ಮಾತಿನ ತೂಕ ಗೊತ್ತು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರಿನ ಬೋರ್ಡೋ ದ್ರಾವಣವನ್ನು ಮುಂಗಾರು ಕಾಲಿಡುವ ಮೊದಲೇ ಒಮ್ಮೆ, ಮತ್ತೆ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಮ್ಮೆ ಹೊಡೆಯಬೇಕು. ಕಾಯಿ ಉದುರತೊಡಗಿದ ಮೇಲೆ ಹೊಡೆದರೆ ಉದುರಿದ್ದು ಮರಳುವುದಿಲ್ಲ. ನಲವತ್ತು ವರ್ಷಗಳಿಂದ ಒಂದು ವರ್ಷವೂ ಆ ಮದ್ದನ್ನು ತಪ್ಪಿಸದ ಮನೆ ಅದು. ಮುಂಜಾಗ್ರತೆಯ ಬುದ್ಧಿ ಅಲ್ಲಿ ಬೇಕಾದಷ್ಟು ಇತ್ತು, ಜಗುಲಿಯ ಮೂಲೆಯ ಆ ಡಬ್ಬಕ್ಕೂ ಅದು ಬೇಕೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಯಂತ್ರವನ್ನು ಮಾರುವ, ದುರಸ್ತಿ ಮಾಡುವ ನಮ್ಮ ಕೊರತೆ ಅದು.

ಈಗಿನ ವ್ಯವಸ್ಥೆ

ಯಂತ್ರಕ್ಕೆ 500 ಜಿ.ಬಿ. ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ಡಿಸ್ಕ್ ಹಾಕಿದೆ, ಮೆಮೊರಿ 8 ಜಿ.ಬಿ. ಮಾಡಿದೆ, ಯುಪಿಎಸ್ ಬ್ಯಾಟರಿ ಬದಲಾಯಿತು, ಹಿಂಬದಿಯ ಕಿಂಡಿಗೆ ತಗಡು ಬಂತು, ಡಬ್ಬ ನೆಲದಿಂದ ಎರಡು ಅಡಿ ಮೇಲೆ ಒಳಕೋಣೆಯ ಮೇಜಿಗೆ ಹೋಯಿತು. ಭದ್ರತಾ ಅಪ್‌ಡೇಟ್‌ಗಳನ್ನು ಮತ್ತೆ ಚಾಲೂ ಮಾಡಿದೆ. 2017ರ ಮೇ 12ರಂದು ಜಗತ್ತಿನಾದ್ಯಂತ ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿದ ವಾನಾಕ್ರೈ ದಾಳಿ ಬಳಸಿಕೊಂಡ ಬಿರುಕಿಗೆ ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್ 14ರಂದೇ ತೇಪೆ ಬಿಡುಗಡೆ ಮಾಡಿತ್ತು ಎಂಬುದನ್ನು ಮಾತ್ರ ಯಜಮಾನರಿಗೆ ಹೇಳಿದೆ, ಅಷ್ಟರಿಂದಲೇ ಅವರು ಒಪ್ಪಿದರು.

ನಕಲಿನ ವಿಷಯದಲ್ಲಿ, ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ ಮೂರು-ಎರಡು-ಒಂದು ಎಂಬ ಸೂತ್ರವನ್ನು ಮನೆಗೆ ಹೊಂದುವಂತೆ ಮಾಡಿಕೊಂಡೆವು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯ ಹೊರಗೆ. ಮೊದಲನೆಯದು ಯಂತ್ರದಲ್ಲಿ. ಎರಡನೆಯದು ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ, ಕಬ್ಬಿಣದ ಕಪಾಟಿನೊಳಗೆ. ಅದನ್ನು ಸದಾ ಸಿಕ್ಕಿಸಿಡಬಾರದು. ಸಿಕ್ಕಿಸಿಟ್ಟ ಡಿಸ್ಕಿಗೆ ಸಿಡಿಲೂ ತಲುಪುತ್ತದೆ, ಬೀಗ ಹಾಕುವ ವೈರಸ್ಸೂ ತಲುಪುತ್ತದೆ. ಮೂರನೆಯದು ಬೆಂಗಳೂರಿನಲ್ಲಿರುವ ಮಗಳ ಮನೆಯಲ್ಲಿ, ದೀಪಾವಳಿಗೆ ಮತ್ತು ಬೇಸಿಗೆಗೆ ಬಂದಾಗ ಅವಳು ಹೊಸತು ಮಾಡಿಕೊಂಡು ಹೋಗುತ್ತಾಳೆ.

ಶುಚಿಮಾಡುವುದನ್ನು ತೋಟದ ಕೆಲಸಗಳಿಗೇ ಕಟ್ಟಿಹಾಕಿದೆವು, ಬೇರೆ ದಿನಾಂಕ ಕೊಟ್ಟರೆ ಮರೆತುಹೋಗುತ್ತದೆ. ಅಡಿಕೆ ಸುಲಿದು ಮುಗಿದ ಮೇಲೆ ಮಾರ್ಚಿನಲ್ಲಿ ಒಮ್ಮೆ, ಆಯುಧಪೂಜೆಯ ಹಿಂದಿನ ದಿನ ಇನ್ನೊಮ್ಮೆ ಡಬ್ಬ ತೆರೆದು ಮೆತ್ತನೆಯ ಬ್ರಶ್ಶಿನಿಂದ ಧೂಳು ತೆಗೆಯುವುದು. ಗಾಳಿ ಊದುವಾಗ ಫ್ಯಾನಿನ ಎಲೆಯನ್ನು ಬೆರಳಿನಿಂದ ಹಿಡಿದಿರಬೇಕು, ಪವರ್ ಸಪ್ಲೈಯ ಡಬ್ಬವನ್ನು ಬಿಚ್ಚಲೇಬಾರದು. ಮುಂಗಾರಿಗೆ ಮೊದಲು, ಮೊದಲ ಮದ್ದಿನ ವಾರದಲ್ಲಿ, ಅರ್ಥಿಂಗ್ ಪರೀಕ್ಷೆ ಮತ್ತು ಯುಪಿಎಸ್ ಪರೀಕ್ಷೆ. ತಿಂಗಳ ಮೊದಲ ಭಾನುವಾರ ಅರ್ಧ ಗಂಟೆ, ಡಿಸ್ಕಿನ ಬಣ್ಣ ನೋಡಿ, ನಕಲು ತೆಗೆದು, ನಕಲಿನಿಂದ ಒಂದು ಕಡತವನ್ನು ತೆರೆದು ನೋಡುವುದು. ತೆರೆದು ನೋಡದ ನಕಲನ್ನು ನಾನು ನಕಲೆಂದು ಎಣಿಸುವುದಿಲ್ಲ. ಯಂತ್ರವನ್ನು ಚುರುಕು ಮಾಡುತ್ತೇವೆಂದು ಜಾಹೀರಾತು ಕೊಡುವ ಕ್ಲೀನರ್ ತಂತ್ರಾಂಶಗಳನ್ನು ಹಾಕಲೇ ಇಲ್ಲ, ಅವು ಬೇಕಾಗಿಯೂ ಇಲ್ಲ.

ಖರ್ಚನ್ನು ಮನೆಯವರೇ ಬರೆದಿಟ್ಟಿದ್ದಾರೆ. ಹೊರಗಿನ ಡಿಸ್ಕಿಗೆ 4,200, ಯುಪಿಎಸ್ ಬ್ಯಾಟರಿಗೆ 1,100, ಪೇಸ್ಟ್, ಬ್ರಶ್, ಸಣ್ಣ ಬ್ಯಾಟರಿ ಎಲ್ಲ ಸೇರಿ ಮುನ್ನೂರು ಚಿಲ್ಲರೆ. ಇಷ್ಟನ್ನು 2023ರಲ್ಲಿಯೇ ಮಾಡಿದ್ದರೆ ಎಸ್‌ಎಸ್‌ಡಿ ಒಂದು ಬಿಟ್ಟು ಬೇರೇನೂ ಬೇಕಾಗುತ್ತಿರಲಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11 ಇಂಟೆಲ್‌ನ ನಾಲ್ಕನೇ ತಲೆಮಾರಿನಷ್ಟು ಹಳೆಯ ಪ್ರೊಸೆಸರುಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲವಾದ್ದರಿಂದ ಈ ಯಂತ್ರವನ್ನು ಲಿನಕ್ಸ್‌ಗೆ ಒಯ್ದೆವು. ಬದಲಾವಣೆಯ ಮೊದಲು ಮೂರೂ ಪ್ರತಿಗಳನ್ನು ತೆರೆದು ನೋಡಿದ್ದರಿಂದ ಈ ಸಲ ಯಾರಿಗೂ ಆತಂಕವಿರಲಿಲ್ಲ. ನುಡಿಯ ಹಳೆಯ ಕಡತಗಳು ಮುಂದೊಂದು ದಿನ ಫಾಂಟಿಲ್ಲದೆ ಅನಾಥವಾಗಬಾರದೆಂದು ಯಜಮಾನರು ಅವನ್ನು ಯುನಿಕೋಡ್‌ಗೆ ಪರಿವರ್ತಿಸುತ್ತಿದ್ದಾರೆ. ಪರಿವರ್ತನೆಯಲ್ಲಿ ಒತ್ತಕ್ಷರ ಮತ್ತು ಅರ್ಕಾವತ್ತು ಅಲ್ಲಲ್ಲಿ ತಪ್ಪುವುದರಿಂದ ಪ್ರತಿ ಪದ್ಯವನ್ನೂ ಓದಿ ತಿದ್ದಬೇಕಾಗುತ್ತದೆ. ತೋಟದ ಲೆಕ್ಕದ ಪುಸ್ತಕದಲ್ಲಿ, ಮದ್ದು ಹೊಡೆದ ದಿನಗಳನ್ನು ಬರೆಯುವ ಪುಟದ ಎದುರಿನ ಪುಟವನ್ನು ಕಂಪ್ಯೂಟರಿಗೆ ಕೊಟ್ಟಿದ್ದಾರೆ. ಕಳೆದ ಸಲ ನಾನು ಹೋದಾಗ ಅಲ್ಲಿನ ಕೊನೆಯ ಸಾಲು ಹೀಗಿತ್ತು: "ಡಿಸ್ಕ್ ನೀಲಿ. ನಕಲು ಆಯಿತು, ಹಾಡು 17 ತೆರೆದು ಕೇಳಿದೆ. ಯುನಿಕೋಡ್ 212 ಮುಗಿಯಿತು, 128 ಬಾಕಿ."